ಕೆಂಚಿಯ ಕಣ್ಣಿಗೆ ಅಳಿಲು ಬಿದ್ದರೆ

“ಏನ್ರಿ ಮಾಸ್ತರ, ಇವತ್ತ ಎದ್ದ ಕೂಡ್ಲೆ ಸುರು ಆತೇನ್ರಿ ನಿಮ್ಮ ಕೆಂಚಿದು?”

ಆಚೆಮನೆಯ ಅಕ್ಕಾರು ಬೇಲಿಯ ಆ ಕಡೆ ಕಸಬರಿಗೆ ಹಿಡಿದು ನಿಂತಿದ್ದರು. ಈ ಕಡೆ ನಾನು, ಕೈಯಲ್ಲಿ ಚಹಾದ ಕಪ್ಪು. ನಮ್ಮ ಪೇರಲ ಗಿಡದ ಬುಡದಲ್ಲಿ ಕೆಂಚಿ ಕಲ್ಲಿನಲ್ಲಿ ಕಡೆದ ಹಾಗೆ ನಿಂತಿತ್ತು. ಬಲಗಡೆಯ ಮುಂಗಾಲನ್ನು ನೆಲದಿಂದ ನಾಲ್ಕು ಬೆರಳು ಎತ್ತಿ ಹಾಗೆಯೇ ಹಿಡಿದಿತ್ತು. ಬಾಲ ಅಲುಗುತ್ತಿರಲಿಲ್ಲ, ಬಾಯಿ ಮುಚ್ಚಿತ್ತು. ತೊಡೆಯ ತೆಳು ಚರ್ಮದ ಕೆಳಗೆ ಮಾತ್ರ ಏನೋ ಸಣ್ಣಗೆ ನಡುಗುತ್ತಿತ್ತು. ಮೇಲೆ ಕೊಂಬೆಯಲ್ಲಿ ಅಳಿಲು ಬಾಲ ಚಿಮ್ಮಿಸುತ್ತ ಚಿಕ್ ಚಿಕ್ ಚಿಕ್ ಎಂದು ಒಂದೇ ಸಮನೆ ಕೂಗುತ್ತಿತ್ತು. ಓಣಿಯ ಉಳಿದ ಅಳಿಲುಗಳಿಗೆಲ್ಲ ಅದು ಸುದ್ದಿ ಮುಟ್ಟಿಸುವ ರೀತಿ.

“ಹೊಟ್ಟಿ ತುಂಬ ರೊಟ್ಟಿ ಹಾಲು ಹಾಕ್ತೀರಿ, ತತ್ತಿ ಹಾಕ್ತೀರಿ. ಆದ್ರೂ ಯಾಕ್ರಿ ಅದಕ್ಕ ಆ ಬಡಜೀವದ ಮ್ಯಾಲ ಕಣ್ಣು? ರಾಮದೇವರು ಬೆನ್ನ ಸವರಿದ ಪ್ರಾಣಿ ಅದು,” ಎಂದರು ಅಕ್ಕಾರು.

ಈ ಪ್ರಶ್ನೆಯನ್ನು ನಾಯಿ ಸಾಕಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಸಿಕೊಂಡಿರುತ್ತಾರೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಹಸಿದಿರಬೇಕು, ಇನ್ನೊಂದು ರೊಟ್ಟಿ ಹಾಕಿದರೆ ಸುಮ್ಮನಾದೀತು ಎಂದು. ಹೊಟ್ಟೆ ತುಂಬಿ ತೇಗಿದ ಮೇಲೂ ಕೆಂಚಿ ಅಳಿಲಿನ ಬೆನ್ನು ಹತ್ತಿತು. ಓಟವೇ ಅದರ ಕೂಲಿ, ಓಟವೇ ಅದರ ಹಬ್ಬ. ಅಳಿಲು ಸಿಗದೆ ಹೋದರೂ ಅದಕ್ಕೆ ನಷ್ಟವಿಲ್ಲ. ಓಡಿದ ಆ ಹತ್ತು ಕ್ಷಣದ ಸುಖ ಸಿಕ್ಕಾಗಿರುತ್ತದೆ, ನಾಳೆ ಇನ್ನೂ ಜೋರಾಗಿ ಓಡುವ ಆಸೆ ಹುಟ್ಟಿರುತ್ತದೆ. ಬಿಟ್ಟಷ್ಟೂ ಬೆಳೆಯುವ ಚಟ ಇದು.

ಮತ್ತೆ, ಇದರಲ್ಲಿ ಸಿಟ್ಟು ಎಂಬುದು ಒಂದಿಷ್ಟೂ ಇಲ್ಲ. ಕೊರಿಯರ್ ಹುಡುಗ ಗೇಟಿನ ಬಳಿ ಬಂದರೆ ಕೆಂಚಿ ಗಂಟಲು ಹರಿಯುವಂತೆ ಬೊಗಳುತ್ತದೆ. ದೂರ ನಿಲ್ಲು ಎಂದು ಹೇಳುವ ಬಗೆ ಅದು. ಅಳಿಲು ಕಂಡಾಗ ಮಾತ್ರ ಸದ್ದೇ ಇಲ್ಲ. ದೂರ ಓಡಿಸಬೇಕಾದವನಿಗೆ ಬೊಗಳಬೇಕು, ಹಿಡಿಯಬೇಕಾದದ್ದಕ್ಕೆ ಬೊಗಳಿದರೆ ಕೆಲಸ ಕೆಟ್ಟಿತು. ನೋಡುವುದು, ಕಣ್ಣು ನೆಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು: ತೋಳನಲ್ಲಿ ಈ ಮೆಟ್ಟಿಲುಗಳು ಸಾಲಾಗಿ ಬರುತ್ತವೆ. ರೇಮಂಡ್ ಕೊಪ್ಪಿಂಜರ್ ಮತ್ತು ಲೊರ್ನಾ ಕೊಪ್ಪಿಂಜರ್ ಎಂಬ ಅಮೆರಿಕದ ದಂಪತಿ 2001ರಲ್ಲಿ ನಾಯಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಮನುಷ್ಯ ತನ್ನ ಕೆಲಸಕ್ಕೆ ತಕ್ಕಂತೆ ಒಂದೊಂದು ತಳಿಯಲ್ಲಿ ಒಂದೊಂದು ಮೆಟ್ಟಿಲನ್ನು ಎತ್ತರಿಸಿದ, ಇನ್ನೊಂದನ್ನು ತಗ್ಗಿಸಿದ. ಕುರಿ ತಿರುಗಿಸುವ ಬಾರ್ಡರ್ ಕೋಲಿ ಕಣ್ಣು ನೆಡುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕಚ್ಚುವುದಿಲ್ಲ. ಲ್ಯಾಬ್ರಡಾರ್ ಬಾಯಲ್ಲಿ ಹಿಡಿದು ಗಾಯವಾಗದಂತೆ ತಂದು ಒಪ್ಪಿಸುತ್ತದೆ. ಇಲಿ ಹಿಡಿಯುವ ಟೆರಿಯರ್ ಕಚ್ಚಿ ಕೊಡವಿದರೆ ಅಲ್ಲಿಗೆ ಮುಗಿಯಿತು. ತೇಜಸ್ವಿಯವರ ‘ಪರಿಸರದ ಕತೆ’ ಓದಿದವರಿಗೆ ಅವರ ಸ್ಪೇನಿಯಲ್ ನಾಯಿ ಕಿವಿಯ ಪರಿಚಯ ಇದ್ದೇ ಇದೆ. ಆ ತಳಿ ಪೊದೆ ಹೊಕ್ಕು ಹಕ್ಕಿ ಎಬ್ಬಿಸುವುದಕ್ಕೆಂದೇ ಬೆಳೆದು ಬಂದದ್ದು.

ನಮ್ಮ ಕೆಂಚಿ ಮುಧೋಳದ್ದು. ರನ್ನನ ಊರಿನದು ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಆ ಸೀಮೆಯಲ್ಲಿ ಇದನ್ನು ಬ್ಯಾಟಿ ನಾಯಿ ಎಂದೇ ಕರೆಯುತ್ತಾರೆ, ಹೆಸರಿನಲ್ಲೇ ಕಸುಬು ಇದೆ. ಘೋರ್ಪಡೆ ಅರಸರು ಈ ತಳಿಯನ್ನು ಜತನದಿಂದ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಜೋಡಿ ನಾಯಿಯನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಸೈನ್ಯವೂ ಇವುಗಳ ಮರಿಗಳನ್ನು ಮೀರತ್‌ಗೆ ಒಯ್ದು ಪಳಗಿಸಿತು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಇದರ ಹೆಸರು ಎತ್ತಿದ ಮೇಲಂತೂ ಊರೂರಿನಿಂದ ಮರಿ ಕೇಳುವವರಾದರು. ನನಗೆ ಇದರಿಂದ ಸಂತೋಷವೂ ಆಯಿತು, ಭಯವೂ ಆಯಿತು. ಎಷ್ಟು ಜನಕ್ಕೆ ಗೊತ್ತಿದೆ, ಮನೆಗೆ ತರುತ್ತಿರುವುದು ಬಯಲಲ್ಲಿ ಮೊಲ ಅಟ್ಟಲು ತಲೆತಲಾಂತರದಿಂದ ಆರಿಸಿ ಬೆಳೆಸಿದ ಜೀವ ಎಂದು?

ಅದು ಓಡುವುದನ್ನು ಒಮ್ಮೆ ನೋಡಬೇಕು. ನವಲಗುಂದದ ರಸ್ತೆ ಕಡೆ ನಮ್ಮ ಬಂಧುಗಳ ಎರಿ ಹೊಲವಿದೆ, ಸುತ್ತ ತಂತಿ ಬೇಲಿ. ಜೋಳ ಕೊಯ್ದ ಮೇಲೆ ಅಲ್ಲಿ ಕೆಂಚಿಯನ್ನು ಬಿಡುತ್ತೇನೆ. ಒಂದು ನೆಗೆತಕ್ಕೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಒಮ್ಮೆ ಬಿಲ್ಲಿನಂತೆ ಮಡಚಿಕೊಂಡಾಗ, ಇನ್ನೊಮ್ಮೆ ಬಾಣದಂತೆ ಚಾಚಿಕೊಂಡಾಗ. ಬೆನ್ನೆಲುಬೇ ಒಂದು ಸ್ಪ್ರಿಂಗ್. ಉದ್ದ ಮೂತಿ, ಇಳಿದ ಎದೆ, ಒಳಸೇರಿದ ಹೊಟ್ಟೆ, ಒಂದು ತೊಲೆ ಹೆಚ್ಚಿನ ಕೊಬ್ಬಿಲ್ಲ. ಮೂಸಿ ಹುಡುಕುವ ಜಾತಿಯಲ್ಲ ಇದು, ಕಂಡು ಅಟ್ಟುವ ಜಾತಿ. ನಾಯಿಯ ಕಣ್ಣಿಗೆ ಬಣ್ಣ ಕಡಿಮೆ. ನೀಲಿ, ಹಳದಿ ಕಂಡಾವು, ಕೆಂಪು ಮಂಕಾಗಿ ಕಾಣುತ್ತದೆ. ಅಲುಗಾಟ ಮಾತ್ರ ನಮಗಿಂತ ಎಷ್ಟೋ ಚುರುಕಾಗಿ ಕಾಣುತ್ತದೆ, ಅದೂ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಅಳಿಲು ಕೊಂಬೆಗೆ ಅಂಟಿಕೊಂಡು ಅಲುಗದೆ ಕೂತರೆ ಕೆಂಚಿ ಅದರ ಕೆಳಗೇ ನಿಂತು ಬೇರೆ ಕಡೆ ನೋಡುತ್ತದೆ. ಬಾಲದ ತುದಿ ಅಲ್ಲಾಡಿತೋ, ಕಣ್ಣು ನೆಟ್ಟಿತು.

ಆಷಾಢದ ಆ ದಿನ ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ. ಆಗ ಬೇಲಿ ಇರಲಿಲ್ಲ, ಎದೆಮಟ್ಟದ ಗೋಡೆ ಮಾತ್ರ ಇತ್ತು. ಅಕ್ಕಾರ ಜವಾರಿ ಹ್ಯಾಂಟಿ ಹನ್ನೊಂದು ಮರಿ ಮಾಡಿತ್ತು. ಮಳೆ ಬಿಟ್ಟ ಹೊತ್ತು, ಮರಿಗಳು ತಾಯಿಯ ಹಿಂದೆ ಅಂಗಳದಲ್ಲಿ ಹರಡಿಕೊಂಡು ಕೆದರುತ್ತಿದ್ದವು. ಕೆಂಚಿಗೆ ಆಗ ಒಂದು ವರ್ಷ ಎರಡು ತಿಂಗಳು. ನಾನು ಪೇಪರು ಓದುತ್ತ ಕಟ್ಟೆಯ ಮೇಲೆ ಕೂತಿದ್ದೆ. ಗೋಡೆ ಹಾರಿದ್ದು ನನಗೆ ಕಾಣಲೇ ಇಲ್ಲ, ಹ್ಯಾಂಟಿ ಕೂಗಿದ್ದು ಕೇಳಿತು. ಎದ್ದು ನೋಡುವಷ್ಟರಲ್ಲಿ ಮೂರು ಮರಿ ಸತ್ತು ಬಿದ್ದಿದ್ದವು. ಒಂದೂ ತಿಂದಿರಲಿಲ್ಲ. ಒಂದೊಂದನ್ನೂ ಹಿಡಿದು ಒಮ್ಮೆ ಕೊಡವಿ ಬಿಟ್ಟಿತ್ತು, ಅಷ್ಟೆ. ಕೆಸರಿನಲ್ಲಿ ಹಳದಿ ತುಪ್ಪುಳ ಅಂಟಿಕೊಂಡಿದ್ದನ್ನು ನಾನು ಈಗಲೂ ಮರೆತಿಲ್ಲ. ಕೆಂಚಿ ನಾನು ಕರೆದ ಕೂಡಲೇ ಗೋಡೆ ಹಾರಿ ಓಡಿ ಬಂತು, ಕಣ್ಣಲ್ಲಿ ಬೆಳಕು, ಬಾಲ ಬೀಸುತ್ತ. ನಾನು ಅದನ್ನು ಹೊಡೆದೆ.

ಅದು ನನ್ನ ತಪ್ಪು. ಕರೆದಾಗ ಬಂದದ್ದಕ್ಕೆ ಹೊಡೆತ ಬಿತ್ತು ಎಂದು ಅದು ತಿಳಿಯಿತು. ಮರಿ ಕೊಂದದ್ದಕ್ಕೂ ಹೊಡೆತಕ್ಕೂ ನಂಟು ಹಾಕುವುದು ಅದರ ತಲೆಗೆ ಆಗದ ಕೆಲಸ. ಮುಂದೆ ಎಂಟು ದಿನ ‘ಬಾ’ ಎಂದರೆ ದೂರ ನಿಂತು ಕಿವಿ ಹಿಂದೆ ಮಾಡಿ ನನ್ನ ಕೈ ನೋಡುತ್ತಿತ್ತು. ಬೆನ್ನು ಹತ್ತುವ ನಾಯಿಯನ್ನು ಕಾಯುವ ಒಂದೇ ಮಂತ್ರ ಆ ‘ಬಾ’ ಎಂಬ ಮಾತು. ಅದನ್ನೇ ನಾನು ನನ್ನ ಕೈಯಾರೆ ಕೆಡಿಸಿದ್ದೆ. ಮತ್ತೆ ಸರಿ ಮಾಡಲು ನಾಲ್ಕು ತಿಂಗಳು ಹಿಡಿಯಿತು.

ಅಕ್ಕಾರಿಗೆ ಮರಿಗಳ ದುಡ್ಡು ಕೊಡಲು ಹೋದರೆ ಅವರು ಮುಟ್ಟಲಿಲ್ಲ. “ರೊಕ್ಕ ಯಾಕ್ರಿ? ಉಳಿದ ಎಂಟು ಮರಿ ನೋಡ್ರಿ, ಅವು ಬದುಕೂ ಹಂಗ ಏನರ ಮಾಡ್ರಿ,” ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಒಂದು ವಾರದಲ್ಲಿ ಗೋಡೆಯ ಮೇಲೆ ಕಬ್ಬಿಣದ ಕಂಬ ನೆಟ್ಟು, ಜಾಲರಿ ಹಾಕಿಸಿ ಒಟ್ಟು ಆರಡಿ ಮಾಡಿಸಿದೆ. ಬುಡದಲ್ಲಿ ಕೆದರಿ ನುಸುಳದಂತೆ ಒಂದು ಸಾಲು ಕಲ್ಲು ಹೂಳಿಸಿದೆ. ಮಾತು ನಿಲ್ಲಬಾರದು, ಹೋಳಿಗೆಯ ತಾಟು ದಾಟಬೇಕು ಎಂದು ಅಕ್ಕಾರು ಹೇಳಿದ್ದಕ್ಕೆ ಜಾಲರಿಯಲ್ಲಿ ಒಂದು ಚಿಕ್ಕ ಕಿಂಡಿ ಬಿಡಿಸಿದ್ದೇವೆ. ಈಗ ನಾವು ಮಾತಾಡುತ್ತಿರುವುದು ಆ ಕಿಂಡಿಯ ಬಳಿಯಲ್ಲೇ.

ನಮ್ಮೂರಿನ ಒಬ್ಬ ಹಿರಿಯ ದನದ ಡಾಕ್ಟರು ನನಗೆ ದಾರಿ ತೋರಿಸಿದರು. ಮೊದಲ ಮಾತು ಅವರು ಹೇಳಿದ್ದು, ಈ ಗುಣವನ್ನು ಕಿತ್ತು ಹಾಕುವ ಆಸೆ ಬಿಡಿ ಎಂದು. ಬಿಟ್ಟೆ. ಎರಡನೆಯದು ಹಗ್ಗ. ಹತ್ತು ಮೀಟರಿನ ನೂಲಿನ ಹಗ್ಗ, ಎದೆಪಟ್ಟಿಗೆ ಕಟ್ಟಿದ್ದು. ಕೊರಳಿಗೆ ಕಟ್ಟಬಾರದು. ಓಟದ ಭರದಲ್ಲಿ ಹಗ್ಗ ಮುಗಿದಾಗ ಬೀಳುವ ಜಗ್ಗು ಕುತ್ತಿಗೆಗೆ ಕೆಟ್ಟದ್ದು. ಅಲ್ಲದೆ ಮುಧೋಳದ ನಾಯಿಯ ತಲೆ ಸಣ್ಣದು, ಸಾದಾ ಕೊರಳಪಟ್ಟಿ ತಲೆಯ ಮೇಲಿಂದ ಜಾರಿ ಹೋಗುತ್ತದೆ. ಒಮ್ಮೆ ಹಾಗೆ ಜಾರಿಸಿಕೊಂಡು ಹೋದ ನಾಯಿ ಪ್ರತಿ ಸಲವೂ ಹಾಗೆಯೇ ಮಾಡಲು ಕಲಿಯುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಚಿ ಹಿಡಿಯಿರಿ. ಒಂದು ಸಂಜೆ ಹೊಲದ ಬದುವಿನಲ್ಲಿ ಮೊಲ ಎದ್ದಾಗ ನನ್ನ ಅಂಗೈಯ ಚರ್ಮ ಕಿತ್ತು ಬಂದಿತ್ತು.

ಇನ್ನು ಕರೆಯುವ ವಿದ್ಯೆ. ಓಟ ಸುರುವಾದ ಮೇಲೆ ಕರೆದರೆ ಕಿವಿಗೆ ಬೀಳುವುದಿಲ್ಲ. ಕರೆಯಬೇಕಾದ ಹೊತ್ತು ಒಂದೇ, ಅಳಿಲು ಕಣ್ಣಿಗೆ ಬಿದ್ದು ಮುಂಗಾಲು ಮೇಲೇಳುವ ಮುಂಚೆ. ಅದಕ್ಕೆ ಮೊದಲು ದೂರ ಬೇಕು. ಅಳಿಲು ಎಪ್ಪತ್ತು ಎಂಬತ್ತು ಅಡಿ ಆಚೆ ಇರುವಾಗ ಕೆಂಚಿಯನ್ನು ಹಗ್ಗದಲ್ಲಿ ನಿಲ್ಲಿಸಿ, ಅದು ನೋಡಿದ ಕೂಡಲೇ ಹೆಸರು ಹಿಡಿದು ಕರೆದೆ. ನನ್ನತ್ತ ತಿರುಗಿದರೆ ಬೇಯಿಸಿದ ತತ್ತಿಯ ತುಣುಕು. ತಿರುಗದಿದ್ದರೆ ಬೈಗುಳವಿಲ್ಲ, ಇನ್ನಷ್ಟು ಹಿಂದೆ ಸರಿದೆವು. ದಿನಕ್ಕೆ ಹತ್ತು ನಿಮಿಷ, ಬೇಸರವಾಗುವ ಮೊದಲೇ ನಿಲ್ಲಿಸುವುದು. ವಾರಕ್ಕೆ ಎರಡು ಹೆಜ್ಜೆ ಹತ್ತಿರ. ಈಗ ಇಪ್ಪತ್ತು ಅಡಿಗೆ ಬಂದಿದ್ದೇವೆ. ಇದಕ್ಕಿಂತ ಹತ್ತಿರ ಬರುವ ನಂಬಿಕೆ ನನಗಿಲ್ಲ, ಬರಬೇಕೆಂಬ ಹಟವೂ ಇಲ್ಲ.

ಅಟ್ಟುವ ಆಸೆಗೆ ಎಲ್ಲಾದರೂ ಹರಿಯಲು ಜಾಗ ಬೇಕಲ್ಲ? ಅದಕ್ಕೆ ಒಂದು ಬಿದಿರು ಕೋಲು. ಅದರ ತುದಿಗೆ ಎರಡು ಮಾರು ಹಗ್ಗ, ಹಗ್ಗದ ತುದಿಗೆ ಹಳೆಯ ಟವೆಲ್ಲಿನ ಗಂಟು. ಅಂಗಳದಲ್ಲಿ ನೆಲಕ್ಕೆ ತಾಗಿಸಿ ಆ ಗಂಟನ್ನು ಅಳಿಲಿನ ಹಾಗೆ ಓಡಿಸುತ್ತೇನೆ, ಒಮ್ಮೆ ನಿಲ್ಲಿಸಿ, ಒಮ್ಮೆ ತಿರುವಿ. ಕೆಂಚಿ ಹೊಂಚುತ್ತದೆ, ಹಾರುತ್ತದೆ, ಹಿಡಿಯುತ್ತದೆ, ಹಿಡಿದದ್ದನ್ನು ಕೊಡವುತ್ತದೆ. ಹಿಡಿಯಲು ಬಿಡಲೇಬೇಕು, ಪ್ರತಿ ಸಲ ತಪ್ಪಿಸಿದರೆ ಹುಚ್ಚೆದ್ದೀತು. ‘ಬಿಡು’ ಎಂದಾಗ ಬಿಟ್ಟರೆ ಮತ್ತೆ ಆಟ. ಹೀಗೆ ‘ಬಿಡು’ ಎಂಬ ಮಾತು ಅದಕ್ಕೆ ಇಷ್ಟದ ಮಾತಾಯಿತು. ಎಳೆಯ ಮರಿಗಳ ಎಲುಬು ಗಟ್ಟಿಯಾಗುವ ತನಕ ಈ ಹಾರಾಟ ಬೇಡ, ವರ್ಷ ತುಂಬಿದ ಮೇಲೆ ಸಾಕು.

ಬೆಕ್ಕಿನ ಸಂಗತಿ ಬೇರೆ. ನಮ್ಮ ಮನೆಯ ಬೂದು ಬೆಕ್ಕು ಕೆಂಚಿಯ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತದೆ. ಕೆಂಚಿ ಏಳು ವಾರದ ಮರಿಯಾಗಿದ್ದಾಗಲೇ ಆ ಬೆಕ್ಕು ಇತ್ತು, ಮೂತಿಗೆ ಎರಡು ಏಟು ಕೊಟ್ಟು ಪಾಠ ಹೇಳಿತ್ತು. ಮೂರರಿಂದ ಹನ್ನೆರಡು ವಾರದ ಒಳಗೆ ಮರಿ ಯಾರ ಜೊತೆ ಬೆಳೆಯುತ್ತದೋ ಅವರು ಅದಕ್ಕೆ ಮನೆಯವರು. ಅದೇ ಕೆಂಚಿ ರಸ್ತೆಯಲ್ಲಿ ಇನ್ನೊಬ್ಬರ ಬೆಕ್ಕು ಓಡಿದರೆ ಹಗ್ಗ ಹರಿಯುವಂತೆ ಜಗ್ಗುತ್ತದೆ. ಮನೆಯ ಬೆಕ್ಕಿನ ಮೇಲೆ ಇಟ್ಟ ನಂಬಿಕೆಯನ್ನು ಓಣಿಯ ಬೆಕ್ಕಿನ ಮೇಲೆ ಇಡಬೇಡಿ.

ಅಕ್ಕಾರು ಕಸಬರಿಗೆ ಗೋಡೆಗೆ ಆನಿಸಿ ಇನ್ನೊಂದು ಕೇಳಿದರು. “ಮಳಿಗಾಲದಾಗ ಹಾವು ಗೀವು ಬಂದ್ರ?”

ಅದೇ ನನ್ನ ನಿದ್ದೆ ಕೆಡಿಸುವ ಮಾತು. ಅಲುಗಿದ್ದೆಲ್ಲ ಕೆಂಚಿಗೆ ಒಂದೇ. ಅಳಿಲಿಗೆ ಹಾರಿದ ಹಾಗೆಯೇ ಕೊಳಕುಮಂಡಲಕ್ಕೂ ಹಾರುತ್ತದೆ. ಹಾವು ಕಚ್ಚಿದರೆ ಗಿಡಮೂಲಿಕೆ ಎಂದು ಹೊತ್ತು ಕಳೆಯದೆ ಪಶು ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಔಷಧ ಇದೆ, ಅದು ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ ಇಟ್ಟುಕೊಳ್ಳಬೇಕು. ನೆಲಗಪ್ಪೆಯನ್ನು ಬಾಯಿಗೆ ಹಾಕಿದರೆ ಅದರ ಚರ್ಮದ ವಿಷಕ್ಕೆ ಬಾಯಿ ತುಂಬ ನೊರೆ ಬರುತ್ತದೆ. ತಲೆ ಕೆಳಗೆ ಮಾಡಿಸಿ, ನೀರು ಒಳಗೆ ಹೋಗದಂತೆ ಬಾಯಿ ತೊಳೆದು ಡಾಕ್ಟರಿಗೆ ತೋರಿಸಬೇಕು. ಹೆಗ್ಗಣ, ಇಲಿಗಳ ಉಚ್ಚೆಯಿಂದ ಇಲಿಜ್ವರ ಬರುತ್ತದೆ, ನಮಗೂ ಬರಬಹುದು. ಅದರ ಲಸಿಕೆಯನ್ನೂ ಹುಚ್ಚುನಾಯಿ ರೋಗದ ಲಸಿಕೆಯನ್ನೂ ನಾನು ಒಂದು ವರ್ಷವೂ ತಪ್ಪಿಸಿಲ್ಲ.

ಕಾನೂನಿನ ಮಾತೂ ಒಂದಿದೆ. ಯುಗಾದಿಯ ಹೊತ್ತಿಗೆ ನಾಯಿ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುವ ರೂಢಿ ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲ, ಮುಂಗುಸಿ, ಉಡ ಎಲ್ಲಕ್ಕೂ ರಕ್ಷಣೆ ಇದೆ. ಕೊಲ್ಲುವುದಷ್ಟೇ ಅಲ್ಲ, ಅಟ್ಟಿಸಿಕೊಂಡು ಹೋಗುವುದೂ ಆ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ನಾಯಿ ತಾನಾಗಿ ಓಡಿತು ಎಂದು ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಗ್ಗ ಬಿಟ್ಟ ಕೈ ನಮ್ಮದು.

ಹಾಗೆಂದು ನಾಯಿಯ ಈ ಗುಣವನ್ನು ಕೀಳಾಗಿ ನೋಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೆಂಗಳೂರಿನ ಸರಕಾರಿ ಸಂಗ್ರಹಾಲಯದಲ್ಲಿ ಆತಕೂರಿನ ಶಾಸನದ ಕಲ್ಲು ಇದೆ. ಕ್ರಿ.ಶ. 949–50ರ ಕಾಲದ್ದು, ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯಿಂದ ಬಂದದ್ದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ, ಗಂಗರ ಇಮ್ಮಡಿ ಬೂತುಗ ಚೋಳರ ಮೇಲೆ ಗೆದ್ದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಹೋರಾಡಿದ ಮಣಲೆರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ನಾಯಿಗೆ ಕಲ್ಲು ನಿಲ್ಲಿಸಿದ, ಪೂಜೆ ತಪ್ಪಬಾರದು ಎಂದು ಕಟ್ಟಳೆ ಮಾಡಿ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರಾಡುತ್ತಿರುವ ಚಿತ್ರ ಇಂದಿಗೂ ಇದೆ. ನಿವೃತ್ತನಾಗುವ ಮುಂಚೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಸಾವಿರ ವರ್ಷ ಯಾವ ಗುಣವನ್ನು ಮೆಚ್ಚಿ ಬೆಳೆಸಿದೆವೋ ಅದೇ ಗುಣಕ್ಕೆ ಈಗ ಕೆಂಚಿಯನ್ನು ಬೈಯುವುದು ಯಾವ ನ್ಯಾಯ ಎಂದು ಅನ್ನಿಸುತ್ತದೆ.

ಅಕ್ಕಾರೂ ತಮ್ಮ ಕಡೆಯಿಂದ ಒಂದು ಕೆಲಸ ಮಾಡಿದ್ದಾರೆ. ಅಳಿಲು, ಗುಬ್ಬಿಗಳಿಗೆಂದು ಅಂಗಳದಲ್ಲಿ ಹಾಕುತ್ತಿದ್ದ ಜೋಳದ ಕಾಳು, ನೀರಿನ ಬೋಗುಣಿ ಈಗ ಅವರ ಮನೆಯ ಮಾಳಿಗೆಯ ಮೇಲೆ ಇದೆ. ಅಳಿಲು ನೆಲಕ್ಕೆ ಇಳಿಯುವುದು ಅರ್ಧಕ್ಕರ್ಧ ಕಡಿಮೆಯಾಗಿದೆ. ಬೇವಿನ ಮರದಿಂದ ಮಾಳಿಗೆಗೆ, ಮಾಳಿಗೆಯಿಂದ ನಮ್ಮ ಪೇರಲ ಗಿಡಕ್ಕೆ ಅದರ ದಾರಿ. ಉಳಿದ ಎಂಟು ಕೋಳಿಮರಿಗಳೂ ಬೆಳೆದವು. ಅವುಗಳಲ್ಲಿ ಒಂದು ಈಗ ತಾನೇ ಕಾವು ಕೂತಿದೆಯಂತೆ.

“ಕೆಂಚೀ, ಬಾ,” ಎಂದೆ. ಎತ್ತಿದ ಮುಂಗಾಲು ಹಾಗೆಯೇ ಇತ್ತು. ಒಂದು ಕ್ಷಣ, ಎರಡು ಕ್ಷಣ. ಆಮೇಲೆ ಕಾಲು ನೆಲಕ್ಕೆ ಇಳಿಯಿತು, ಕಿವಿ ನನ್ನ ಕಡೆ ತಿರುಗಿತು, ಬಂತು. ಜೇಬಿನಲ್ಲಿದ್ದ ತತ್ತಿಯ ತುಣುಕು ಕೊಟ್ಟೆ. “ಶಾಣ್ಯಾ ಅದ ಬಿಡ್ರಿ,” ಎಂದರು ಅಕ್ಕಾರು.

ಮುಧೋಳದ ಮರಿ ತರಬೇಕೆಂದು ಇರುವವರಿಗೆ ನನ್ನದೊಂದು ಕೋರಿಕೆ. ಮರಿಗೆ ಮುಂಗಡ ಕೊಡುವ ಮೊದಲು ಬೇಲಿಯ ಅಳತೆ ನೋಡಿ, ನೆರೆಮನೆಯವರನ್ನು ಒಂದು ಮಾತು ಕೇಳಿ, ದಿನಕ್ಕೆ ಎರಡು ಹೊತ್ತು ಅದರ ಜೊತೆ ನಡೆಯುವಷ್ಟು ಕಾಲು, ಕಾಲ ಎರಡೂ ಇವೆಯೇ ಯೋಚಿಸಿ. ಇದ್ದರೆ ತನ್ನಿ. ಅದಕ್ಕೂ ಮೊದಲು ಒಮ್ಮೆ ಧಾರವಾಡಕ್ಕೆ ಬನ್ನಿ. ಜೋಳ ಕೊಯ್ದ ಹೊಲದಲ್ಲಿ ಕೆಂಚಿ ಓಡುವುದನ್ನು ತೋರಿಸುತ್ತೇನೆ. ವಾಪಸು ಬರುವಾಗ ಹಗ್ಗ ನಿಮ್ಮ ಕೈಯಲ್ಲಿ ಕೊಡುತ್ತೇನೆ.